ಆಭರಣದಂತೆ ಕಾಣಬಾರದ ಕೈಪಟ್ಟಿ

ಅಪ್ಪಯ್ಯನ ಹೃದಯದಲ್ಲಿ ಯಾಂತ್ರಿಕ ಕವಾಟವಿದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಅವರು ದಿನವೂ ಅಸಿಟ್ರಾಮ್ ಮಾತ್ರೆ (ಅಸಿನೋಕುಮರಾಲ್ ಎಂಬ, ರಕ್ತ ತೆಳುವಾಗಿಸುವ ಔಷಧ) ತೆಗೆದುಕೊಳ್ಳುತ್ತಾರೆ. ಜೊತೆಗೆ ಪೆನಿಸಿಲಿನ್ ಅವರಿಗೆ ಆಗುವುದಿಲ್ಲ. ಈ ಮೂರು ಸಂಗತಿಗಳು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಕಾಪುವಿನಿಂದ ಉಡುಪಿಗೆ ಸ್ಕೂಟರಿನಲ್ಲಿಯೇ ಹೋಗಿಬರುವ ಅವರು ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಎಚ್ಚರ ತಪ್ಪಿ ಬಿದ್ದರೆ, ಎತ್ತಿ ಕೂರಿಸುವವರಿಗೆ ಇವುಗಳಲ್ಲಿ ಒಂದಾದರೂ ತಿಳಿಯುವ ದಾರಿ ಇರಲಿಲ್ಲ. ಆದ್ದರಿಂದ ಅವರಿಗೊಂದು ವೈದ್ಯಕೀಯ ಗುರುತಿನ ಕೈಪಟ್ಟಿ ಮಾಡಿಸುವುದೆಂದು ತೀರ್ಮಾನಿಸಿದೆವು. ಮಾರುಕಟ್ಟೆಯಲ್ಲಿ ಸಿಗುವ ಪಟ್ಟಿಗಳಲ್ಲಿ ಹೆಚ್ಚಿನವು ಧರಿಸುವವರ ಸಂಕೋಚವನ್ನು ಕಳೆಯುವುದಕ್ಕಾಗಿ ರೂಪಿಸಿದವು, ನೋಡುವವರ ಕಣ್ಣಿಗೆ ಬೀಳಲೆಂದು ರೂಪಿಸಿದವಲ್ಲ ಎಂಬುದು ಹುಡುಕುತ್ತಾ ಹೋದಂತೆ ಸ್ಪಷ್ಟವಾಯಿತು.

ಬರೆಯಬೇಕಾದದ್ದು ಏನು ಎಂಬುದನ್ನು ಮೊದಲು ನಿರ್ಧರಿಸಬೇಕು, ಏಕೆಂದರೆ ಪಟ್ಟಿಯ ಅಗಲ, ಅಕ್ಷರದ ಗಾತ್ರ ಎಲ್ಲವೂ ಅದನ್ನೇ ಅವಲಂಬಿಸಿವೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ತಲೆಗೆ ಪೆಟ್ಟು ಮಾಡಿಕೊಂಡಾಗ ಹೊರಗೆ ಸಣ್ಣ ತರಚು ಗಾಯ ಮಾತ್ರ ಕಾಣಬಹುದು. ಒಳಗೆ ಮೆಲ್ಲನೆ ರಕ್ತ ಸೋರುತ್ತಿರಬಹುದು, ಅದರ ಲಕ್ಷಣಗಳು ಗಂಟೆಗಳ ಅನಂತರ ತೋರಬಹುದು. ಈ ಮಾತ್ರೆಯ ವಿಷಯ ಗೊತ್ತಿದ್ದರೆ ವೈದ್ಯರು ಸಿಟಿ ಸ್ಕ್ಯಾನ್ ಮಾಡಿಸಲು ತಡಮಾಡುವುದಿಲ್ಲ. ನೋವಿಗೆಂದು ಸೊಂಟಕ್ಕೆ ಚುಚ್ಚುವ ಡೈಕ್ಲೋಫೆನಾಕ್ ಇಂಜೆಕ್ಷನ್ ನಮ್ಮ ಸಣ್ಣ ಕ್ಲಿನಿಕ್‌ಗಳಲ್ಲಿ ತೀರಾ ಸಾಮಾನ್ಯ. ಇಂಥವರಿಗೆ ಅದನ್ನು ಕೊಟ್ಟರೆ ಸ್ನಾಯುವಿನೊಳಗೇ ರಕ್ತ ಕಟ್ಟಿಕೊಳ್ಳಬಹುದು. ಇನ್ನೊಂದು ಸೂಕ್ಷ್ಮವೂ ಇದೆ. ರಕ್ತಸ್ರಾವ ನಿಲ್ಲಿಸಲು ವಿಟಮಿನ್ ಕೆ ಮುಂತಾದವುಗಳಿಂದ ಮಾತ್ರೆಯ ಪರಿಣಾಮವನ್ನು ಪೂರ್ತಿಯಾಗಿ ಇಳಿಸಿಬಿಟ್ಟರೆ, ಯಾಂತ್ರಿಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಹಾಗಾಗಿ ಮಾತ್ರೆ ಮತ್ತು ಕವಾಟ ಎರಡೂ ಒಂದೇ ನೋಟಕ್ಕೆ ಓದಸಿಗಬೇಕು; ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಕೆತ್ತಿಸಿದರೆ ಅರ್ಧ ಮಾಹಿತಿ ಕೊಟ್ಟಂತಾಗುತ್ತದೆ.

ಮಂಗಳೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ದಾದಿಯಾಗಿರುವ ನಮ್ಮ ಅತ್ತಿಗೆಯನ್ನು, ನೀವು ಮೊದಲು ಎಲ್ಲಿ ನೋಡುತ್ತೀರಿ ಎಂದು ಕೇಳಿದೆ. ನಾಡಿ ಹಿಡಿಯಲು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಲು, ಬಿಪಿ ನೋಡಲು, ಡ್ರಿಪ್ ಹಾಕಲು, ಎಲ್ಲದಕ್ಕೂ ಕೈಯನ್ನೇ ಹಿಡಿಯಬೇಕಾದ್ದರಿಂದ ಮಣಿಕಟ್ಟಿನ ಮೇಲಿನದು ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದರು. ಕುತ್ತಿಗೆಯ ಪದಕವೂ ಆಗಬಹುದು, ಆದರೆ ನಮ್ಮವರ ಕುತ್ತಿಗೆಯಲ್ಲಿ ತುಳಸಿಮಣಿ, ರುದ್ರಾಕ್ಷಿ, ತಾಯತಗಳ ನಡುವೆ ಅದೂ ಒಂದಾಗಿ ಹೋಗುತ್ತದೆ, ಅಂಗಿಯ ಒಳಗಂತೂ ಯಾರಿಗೂ ಕಾಣದು.

ಮಣಿಕಟ್ಟಿನಲ್ಲಿಯೂ ಜಾಗ ಖಾಲಿ ಇರುವುದಿಲ್ಲವೆಂಬುದು ಬೇರೆ ಮಾತು. ಅಪ್ಪಯ್ಯನ ಬಲಗೈಯನ್ನೇ ನೋಡಿ: ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ನೂಲುಗಳು ಒಂದರ ಮೇಲೊಂದು ಕೂತು ಬಣ್ಣ ಮಾಸಿವೆ, ಅವುಗಳ ಪಕ್ಕದಲ್ಲಿ ಸಂಧಿವಾತಕ್ಕೆ ಒಳ್ಳೆಯದೆಂದು ಯಾರೋ ಕೊಟ್ಟ ತಾಮ್ರದ ಬಳೆ, ಅದರ ಹಸಿರು ಕಲೆ ಚರ್ಮಕ್ಕೂ ಹತ್ತಿದೆ. ಅಲ್ಲಿಗೆ ತೆಳುವಾದ ಸ್ಟೀಲ್ ಸರಪಳಿಯೊಂದನ್ನು ಸೇರಿಸಿದರೆ ಯಾರೂ ಅದನ್ನು ಓದಲು ಹೋಗುವುದಿಲ್ಲ. ಎಡಗೈಯಲ್ಲಿ ವಾಚು ಇದೆ; ಪಟ್ಟಿಯನ್ನು ವಾಚಿನ ಮೇಲ್ಗಡೆ, ಮೊಣಕೈಯ ಕಡೆಗೆ, ವಾಚು ಜಾರಿ ಮುಚ್ಚದ ಹಾಗೆ ಹಾಕುವುದೆಂದು ನಿಶ್ಚಯಿಸಿದೆವು. ಅವರು ಅರ್ಧ ತೋಳಿನ ಅಂಗಿಯನ್ನೇ ಹಾಕುವುದರಿಂದ ಅನುಕೂಲವಾಯಿತು. ಬಳೆ ತೊಡುವ ಹೆಂಗಸರಾದರೆ ಬಳೆ ಕಡಿಮೆಯಿರುವ ಕೈಗೆ, ಅಗಲವಾದ ಪಟ್ಟಿಯನ್ನೇ ಆರಿಸಬೇಕು.

ಮಂಗಳೂರಿನ ರಥಬೀದಿಯ ಚಿನ್ನದಂಗಡಿಯಲ್ಲಿ ಇಂಥದ್ದನ್ನೇ ಬೆಳ್ಳಿಯಲ್ಲೋ ಚಿನ್ನದಲ್ಲೋ ಅಂದವಾಗಿ ಮಾಡಿಸಬಹುದಲ್ಲ ಎಂದು ಅಮ್ಮನಿಗೆ ಆಸೆಯಿತ್ತು. ನಾನು ಒಪ್ಪಲಿಲ್ಲ. ಆಸ್ಪತ್ರೆಗೆ ಗಾಯಾಳು ಬಂದೊಡನೆ ಆಭರಣಗಳನ್ನು ಬಿಚ್ಚಿ, ಕಟ್ಟಿ, ಜೊತೆಗೆ ಬಂದವರ ಕೈಗೆ ಒಪ್ಪಿಸುವ ರೂಢಿಯಿದೆ. ಚಿನ್ನದಂತೆ ಕಾಣುವ ಪಟ್ಟಿ ಆ ಪೊಟ್ಟಣದೊಳಗೆ ಸೇರಿದ ಮೇಲೆ ಅದರ ಮೇಲಿನ ಅಕ್ಷರಗಳಿಂದ ಏನು ಪ್ರಯೋಜನ? ಬೆಳ್ಳಿಯಂತೂ ಬೆವರಿಗೆ ಕಪ್ಪಾಗಿ ಅಕ್ಷರವನ್ನೇ ನುಂಗುತ್ತದೆ. ಚರ್ಮದ ಪಟ್ಟಿಯ ಮಾತೇ ಬೇಡ, ಕರಾವಳಿಯ ಮಳೆಗಾಲದಲ್ಲಿ ಬೆಲ್ಟು ಚಪ್ಪಲಿಗಳಿಗೆ ಬೂಸ್ಟು ಹಿಡಿಯುವುದನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಸಿಲಿಕೋನ್ ಪಟ್ಟಿ ಅಗ್ಗ, ಕೆಂಪು ಬಣ್ಣದಲ್ಲಿ ಎದ್ದು ಕಾಣುತ್ತದೆ, ಆದರೆ ಓಟದ ಸ್ಪರ್ಧೆಗಳಲ್ಲಿ ಹಂಚುವ ಪಟ್ಟಿಯೆಂದು ಭಾವಿಸುವ ಸಾಧ್ಯತೆಯಿದೆ. ಮೇಲಿನ ಮುದ್ರಣವೂ ಬೇಗ ಅಳಿಸುತ್ತದೆ. ಉಳಿದದ್ದು 316 ದರ್ಜೆಯ ಸ್ಟೀಲ್. ಅದರಲ್ಲಿರುವ ಮಾಲಿಬ್ಡಿನಮ್ ಉಪ್ಪಿನಂಶದಿಂದಾಗುವ ತುಕ್ಕನ್ನು ಸಾಮಾನ್ಯ ಸ್ಟೀಲಿಗಿಂತ ಚೆನ್ನಾಗಿ ತಡೆಯುತ್ತದೆ, ಕಡಲ ತಡಿಯವರಿಗೆ ಅದೇ ತಕ್ಕದ್ದು. ನಿಕಲ್ ಅಲರ್ಜಿ ಬಲವಾಗಿರುವವರು ಟೈಟಾನಿಯಮ್ ನೋಡಬಹುದು.

ಕೆತ್ತನೆಯ ವಿಷಯದಲ್ಲಿ ಸ್ವಲ್ಪ ಹಟ ಹಿಡಿಯಬೇಕಾಯಿತು. ಮದುವೆಯ ಉಡುಗೊರೆಗೆಂದು ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆದುಕೊಡುವ ಅಂಗಡಿಯಲ್ಲಿ ಒಂದು ಮಾದರಿ ಮಾಡಿಸಿ ನೋಡಿದೆವು. ಚುಕ್ಕಿಚುಕ್ಕಿಯಾಗಿ ಮೂಡಿದ ಅಕ್ಷರಗಳು ಮುದ್ದಾಗಿದ್ದವು, ಆದರೆ ಹೊಳೆಯುವ ಬಿಳಿ ಲೋಹದ ಮೇಲೆ ಬಿಳಿ ಅಕ್ಷರ. ಬಿಸಿಲಿಗೆ ಹಿಡಿದರೆ ಕಣ್ಣು ಕೋರೈಸುತ್ತಿತ್ತು, ಕೈಯನ್ನು ಅತ್ತಿತ್ತ ಹೊರಳಿಸಿದರೆ ಮಾತ್ರ ಓದಲು ಆಗುತ್ತಿತ್ತು. ಅನಂತರ ಹೊಳಪಿಲ್ಲದ ಮೇಲ್ಮೈಯ ಪಟ್ಟಿಗೆ, ಉಗುರಿಗೆ ತಾಗುವಷ್ಟು ಆಳವಾಗಿ ಕೆತ್ತಿಸಿ ಕಪ್ಪು ಬಣ್ಣ ತುಂಬಿಸಿದೆವು. ಮೊದಲ ಸಾಲಿನಲ್ಲಿ ‘ಬ್ಲಡ್ ಥಿನ್ನರ್ – ಅಸಿನೋಕುಮರಾಲ್’, ಅದರ ಕೆಳಗೆ ‘ಮೆಕ್ಯಾನಿಕಲ್ ಹಾರ್ಟ್ ವಾಲ್ವ್’, ಮತ್ತೆ ‘ಪೆನಿಸಿಲಿನ್ ಅಲರ್ಜಿ’, ಕೊನೆಗೆ ನನ್ನ ಫೋನ್ ಸಂಖ್ಯೆ. ಮೊದಲ ಮೂರು ಸಾಲು ಇಂಗ್ಲಿಷ್ ಲಿಪಿಯಲ್ಲಿವೆ, ಏಕೆಂದರೆ ಮಣಿಪಾಲ, ಮಂಗಳೂರುಗಳ ಆಸ್ಪತ್ರೆಗಳಲ್ಲಿ ದುಡಿಯುವ ಎಷ್ಟೋ ಕಿರಿಯ ವೈದ್ಯರೂ ದಾದಿಯರೂ ಹೊರರಾಜ್ಯದವರು. ಸಂಖ್ಯೆಯ ಪಕ್ಕದಲ್ಲಿ ‘ಮಗಳು’ ಎಂದು ಕನ್ನಡದಲ್ಲಿದೆ. ನಮ್ಮ ಕಡೆ ಅಪಘಾತದ ಸ್ಥಳಕ್ಕೆ ಮೊದಲು ಓಡಿಬರುವವರು ಆಟೋದವರು, ಬಸ್ಸಿನ ಕಂಡಕ್ಟರ್, ಪಕ್ಕದ ಅಂಗಡಿಯವರು, ಅವರಿಗೆ ಕರೆ ಮಾಡಬೇಕಾದದ್ದು ಯಾರಿಗೆ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಮಾತ್ರೆಯ ಪ್ರಮಾಣವನ್ನು ಕೆತ್ತಿಸಲಿಲ್ಲ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಐಎನ್‌ಆರ್ ಪರೀಕ್ಷೆಯ ಫಲಿತಾಂಶ ನೋಡಿಕೊಂಡು ವೈದ್ಯರು ಅದನ್ನು ಬದಲಿಸುತ್ತಲೇ ಇರುತ್ತಾರೆ.

ಅಕ್ಷರಕ್ಕಿಂತ ಮೊದಲು ಕಾಣುವುದು ಚಿಹ್ನೆ. ಅನೇಕ ಆಂಬುಲೆನ್ಸ್‌ಗಳ ಮೈಮೇಲಿರುವ ಆರು ತೋಳಿನ ನಕ್ಷತ್ರವನ್ನು, ಅದರ ನಡುವಿನ ಹಾವು ಸುತ್ತಿದ ಕೋಲನ್ನು ಆರಿಸಿದೆವು. 1970ರ ದಶಕದಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ರೂಪಿಸಿದ ಈ ಚಿಹ್ನೆಯನ್ನು ತುರ್ತು ವೈದ್ಯಕೀಯ ಸೇವೆಯವರು ಈಗ ಬೇರೆ ದೇಶಗಳಲ್ಲಿಯೂ ಬಲ್ಲರು. ಕೆಂಪು ಶಿಲುಬೆಯನ್ನು ಹಾಕಿ ಎಂದು ಅಂಗಡಿಯವರು ಸೂಚಿಸಿದರು. ನಮ್ಮಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲವಾದ್ದರಿಂದ ಬಿಟ್ಟೆವು, ನಕ್ಷತ್ರಕ್ಕೇ ಕೆಂಪು ಬಣ್ಣ ತುಂಬಿಸಿದೆವು. ಇಂಥ ಪಟ್ಟಿಗಳಿಗೆ ಹೆಸರಾದ ಮೆಡಿಕ್‌ಅಲರ್ಟ್ ಸಂಸ್ಥೆಯನ್ನು 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದವರೂ ಒಬ್ಬ ಹುಡುಗಿಯ ತಂದೆತಾಯಿಯರೇ. ಧನುರ್ವಾಯುವಿನ ಪ್ರತಿವಿಷ ಮಗಳಿಗೆ ಆಗದೆ, ಅವಳು ಸಾವಿನ ಅಂಚಿಗೆ ಹೋಗಿ ಬಂದಿದ್ದಳು.

ಕ್ಯೂಆರ್ ಕೋಡ್ ಇರುವ ಪಟ್ಟಿಗಳನ್ನು ಈಗ ಎಲ್ಲೆಡೆ ಮಾರುತ್ತಿದ್ದಾರೆ. ವೈದ್ಯಕೀಯ ಚರಿತ್ರೆಯನ್ನೆಲ್ಲ ಅದರಲ್ಲಿ ತುಂಬಬಹುದು ನಿಜ, ಆದರೆ ಒದ್ದೆ ಕೈಯಲ್ಲಿ ಫೋನ್ ತೆರೆದು, ಸಿಗ್ನಲ್ ಸಿಕ್ಕಿ, ಪುಟ ತೆರೆದುಕೊಳ್ಳುವವರೆಗೆ ಕಾಯುವ ಪುರುಸೊತ್ತು ರಸ್ತೆಬದಿಯಲ್ಲಿ ಯಾರಿಗಿದೆ? ವಾರ್ಷಿಕ ಶುಲ್ಕ ಕಟ್ಟಲು ಮರೆತರೆ ಪುಟವೇ ಇಲ್ಲವಾಗುವುದೂ ಉಂಟು. ಅಕ್ಷರಗಳ ಜೊತೆಗೆ ಇದ್ದರೆ ಇರಲಿ, ಅಕ್ಷರಗಳ ಬದಲಿಗೆ ಬೇಡ. ಮೊಬೈಲಿನ ಲಾಕ್ ಪರದೆಯಿಂದಲೇ ತೆರೆಯುವ ತುರ್ತು ಮಾಹಿತಿಯನ್ನು ಮಾತ್ರ ಪ್ರತಿಯೊಬ್ಬರೂ ತುಂಬಿಸಿಡಬೇಕು, ಅದಕ್ಕೆ ಖರ್ಚೇನೂ ಇಲ್ಲ.

ಪಟ್ಟಿಯ ಅಳತೆ, ಕೈಗೂ ಪಟ್ಟಿಗೂ ನಡುವೆ ಒಂದು ಬೆರಳು ತೂರುವಷ್ಟಿರಲಿ. ಹೆಚ್ಚು ಸಡಿಲವಾದರೆ ಅಕ್ಷರದ ಭಾಗ ಅಂಗೈಯ ಕಡೆಗೆ ಹೊರಳುತ್ತದೆ. ಕೊಂಡಿ ಸ್ನಾನಕ್ಕೂ ಬಿಚ್ಚಬೇಕಾಗಿರದಷ್ಟು ಭದ್ರವಾಗಿರಲಿ, ಎಂಆರ್‌ಐ ಸ್ಕ್ಯಾನಿಗೆ ಮೊದಲು ಲೋಹದ್ದನ್ನೆಲ್ಲ ತೆಗೆಯಬೇಕಾಗುವುದರಿಂದ ಬೇರೆಯವರಿಂದ ಬಿಚ್ಚಲು ಆಗುವಂತೆಯೂ ಇರಲಿ. ಕವಾಟದ ಕಂಪನಿ, ಮಾದರಿ, ಶಸ್ತ್ರಚಿಕಿತ್ಸೆ ನಡೆದ ವರ್ಷ ಮತ್ತು ಈಗಿನ ಮಾತ್ರೆಗಳ ಪ್ರಮಾಣವನ್ನು ಬರೆದ ಚೀಟಿಯೊಂದು ಅಪ್ಪಯ್ಯನ ಪರ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸಿನ ಹಿಂದಿದೆ, ಐಎನ್‌ಆರ್ ರಿಪೋರ್ಟ್ ಬಂದ ದಿನವೇ ಅದನ್ನು ಹೊಸದಾಗಿ ಬರೆಯುವ ಕೆಲಸವನ್ನು ಅಮ್ಮ ವಹಿಸಿಕೊಂಡಿದ್ದಾರೆ.