ತದಡಿಯಿಂದ ಮಲ್ಪೆಗೆ ಐದು ದಿನ

ಕುಮಟೆಯಿಂದ ಉಡುಪಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಮೂರು ತಾಸಿನ ದಾರಿ. ಕುಮಟೆ ಬಳಿಯ ತದಡಿಯಿಂದ ಉಡುಪಿ ಬಳಿಯ ಮಲ್ಪೆಗೆ, ಹೆಚ್ಚುಕಡಿಮೆ ಅಷ್ಟೇ ದೂರವನ್ನು, ಕಳೆದ ಜನವರಿಯಲ್ಲಿ ನಾವು ದಂಪತಿಗಳು ನಮ್ಮ ಸ್ವಂತ ದೋಣಿಯಲ್ಲಿ ಐದು ದಿನಗಳಲ್ಲಿ ಕ್ರಮಿಸಿದೆವು. ಎಂಜಿನ್ ಓಡಿದ್ದು ಒಟ್ಟು ಹದಿನೈದು ತಾಸು ಇರಬಹುದು; ಉಳಿದ ಹೊತ್ತಿನ ಬಹುಪಾಲು ನಾವು ಮಾಡಿದ ಕೆಲಸ ಕಾಯುವುದೊಂದೇ.

ನಮ್ಮದು ಮೊದಲು ಮೀನುಗಾರಿಕೆಗೆ ಬಳಕೆಯಾಗುತ್ತಿದ್ದ ಇಪ್ಪತ್ತೆರಡು ಅಡಿಯ ಫೈಬರ್ ದೋಣಿ. ಹಡಗಿನ ಎಂಜಿನಿಯರಾಗಿ ನಿವೃತ್ತರಾದ ನನ್ನವರು ಅದಕ್ಕೆ ಇಬ್ಬರು ಮಲಗುವಷ್ಟು ಮಾಡು ಕಟ್ಟಿಸಿ, ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಕೂಡಿಸಿದ್ದರು. ಎಂಜಿನ್ನೂ ಚಹಾದ ಸ್ಟೋವೂ ಅವರ ಪಾಲಿಗೆ, ಲಂಗರೂ ನಕ್ಷೆಯೂ ನನ್ನ ಪಾಲಿಗೆ ಎಂಬ ಒಪ್ಪಂದ ಹೊರಡುವ ಮುನ್ನವೇ ಆಗಿತ್ತು.

ಮೊದಲ ದಿನ ನಾವು ಸಮುದ್ರಕ್ಕೆ ಇಳಿಯಲೇ ಇಲ್ಲ; ತದಡಿಯಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿಯೇ ಉಳಿದೆವು. ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟಿಲ್ಲವಾದ್ದರಿಂದ ಸಿಹಿನೀರೂ ಉಪ್ಪುನೀರೂ ಇಲ್ಲಿ ತಮ್ಮ ಪಾಡಿಗೆ ತಾವು ಬೆರೆಯುತ್ತವೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ, ಕಡಲ ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೆಳೆಯುವುದು ಈ ದಡದಲ್ಲಿಯೇ. 2024ರಲ್ಲಿ ಈ ಅಳಿವೆ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಗಳನ್ನು ಹೆಕ್ಕುತ್ತಿದ್ದ ಹೆಂಗಸರು ತಲೆ ಎತ್ತಿ ನಮ್ಮನ್ನು ನೋಡಿ, ಕೆಲಸವಿಲ್ಲದವರೆಂದು ತೀರ್ಮಾನಿಸಿ, ಮತ್ತೆ ಬಗ್ಗಿದರು. ಆ ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ.

ಅಳಿವೆಯನ್ನು ದಾಟುವುದಕ್ಕೆ ಒಂದು ಲೆಕ್ಕವಿದೆ. ನದಿ ತಂದ ಮರಳು ಬಾಯಲ್ಲಿ ದಿಬ್ಬವಾಗಿ ಕೂರುತ್ತದೆ. ಇಳಿತದಲ್ಲಿ ಹೊರಗೆ ಧಾವಿಸುವ ನೀರು ಒಳಗೆ ಬರುವ ಅಲೆಗೆ ಎದುರಾದಾಗ, ಆಳವಿಲ್ಲದ ಆ ಜಾಗದಲ್ಲಿ ಅಲೆ ಗೋಡೆಯಂತೆ ಎದ್ದು ಮುರಿಯುತ್ತದೆ. ಆದ್ದರಿಂದ ಭರತ, ಅಂದರೆ ಉಬ್ಬರ, ತುಂಬಿ ನೀರು ಒಂದಿಷ್ಟು ಸುಮ್ಮನಾಗುವ ಹೊತ್ತಿಗೆ ದಾಟಬೇಕು. ಎರಡನೆಯ ದಿನ ತದಡಿಯಲ್ಲಿ ಈ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸಿದ ನಾವು, ಅದೇ ಮಧ್ಯಾಹ್ನ ಹೊನ್ನಾವರದಲ್ಲಿ ಅದನ್ನು ಮರೆತೆವು. ಹಸಿವೆಯಾಗಿತ್ತು, ಇಳಿತ ಈಗಷ್ಟೇ ಶುರುವಾಗಿತ್ತು, ಶರಾವತಿಯ ಉದ್ದನೆಯ ರೈಲ್ವೆ ಸೇತುವೆ ಕಣ್ಣೆದುರಿಗೇ ಇತ್ತು. ಒಳಹೊಕ್ಕ ಸ್ವಲ್ಪ ಹೊತ್ತಿನಲ್ಲಿಯೇ ದೋಣಿಯ ತಳ ಮರಳನ್ನು ಸವರಿತು. ಎಂಜಿನ್ನನ್ನು ತಣ್ಣಗಿಟ್ಟು ಹಿಂದಿನಿಂದ ಚಿಮ್ಮುತ್ತಿರಬೇಕಾದ ನೀರಿನ ಸಣ್ಣ ಧಾರೆ ಮೊದಲು ಕೆಂಪಾಯಿತು, ಆಮೇಲೆ ತೊಟ್ಟಿಕ್ಕಿತು, ಕೊನೆಗೆ ನಿಂತೇಹೋಯಿತು. ಇವರು ಕೂಡಲೇ ಎಂಜಿನ್ ಬಂದ್ ಮಾಡಿದರು. ಮಾಡದಿದ್ದರೆ ಅದು ಸುಟ್ಟುಹೋಗುತ್ತಿತ್ತು.

ಬಲೆ ಎಳೆಯುತ್ತಿದ್ದ ಒಬ್ಬಾತ ತನ್ನ ದೋಣಿಯನ್ನು ಹತ್ತಿರ ತಂದು ಹಗ್ಗ ಎಸೆದು, "ಅಕ್ಕೋರೇ, ಹೊತ್ತು ನೋಡ್ಕಂಡು ಬರೂಕೆ ಆಗ್ಲಿಲ್ವ?" ಎಂದ. ಅಕ್ಕೋರು ಎಂದರೆ ಈ ಕಡೆ ಶಿಕ್ಷಕಿ; ನಾನು ಶಾಲೆಯಲ್ಲಿ ಕಲಿಸಿದವಳೆಂದು ಅವನಿಗೆ ಹೇಗೆ ತಿಳಿಯಿತೋ. ಕನ್ನಡಕ ನೋಡಿಯೇ ಊಹಿಸಿರಬೇಕು. ಅವನು ನಮ್ಮನ್ನು ಕಾಸರಕೋಡಿನ ಬದಿಗೆ ಎಳೆದು ಬಿಟ್ಟ. ಹಣ ಕೊಡಲು ಹೋದರೆ ಬೇಡವೆಂದು, ಮೇಲಾಗಿ ನಾಲ್ಕು ಬಂಗಡೆಯನ್ನೂ ಕೊಟ್ಟ. ಆ ಸಂಜೆ ಇವರು ಟಾರ್ಚ್ ಬೆಳಕಿನಲ್ಲಿ ತೆಳುವಾದ ತಂತಿಯಿಂದ ಎಂಜಿನ್ನಿನ ನೀರಿನ ದಾರಿಯಲ್ಲಿದ್ದ ಮರಳನ್ನು ಕೆದಕಿ ತೆಗೆಯುತ್ತ ಕೂತರು. ನೀರಿನ ಧಾರೆ ಮತ್ತೆ ಚಿಮ್ಮಿದಾಗ ಇಬ್ಬರೂ ಮಗುವಿಗೆ ಜ್ವರ ಬಿಟ್ಟಂತೆ ಹಗುರಾದೆವು.

ಮರುದಿನ ಬಸವರಾಜದುರ್ಗದ ದ್ವೀಪವನ್ನು ಒಂದು ಸುತ್ತು ಹಾಕಿ, ಕೋಟೆಯ ಜಂಬಿಟ್ಟಿಗೆ ಗೋಡೆಗಳನ್ನು ಕೆಳಗಿನಿಂದಲೇ ನೋಡಿದೆವು. ಮೂಡುಗಾಳಿ ನಿಂತು ಪಡುಗಾಳಿ ಏಳುವ ನಡುವಿನ ಒಂದೆರಡು ತಾಸು ಸಮುದ್ರ ಎಣ್ಣೆ ಹಚ್ಚಿದಂತಿರುತ್ತದೆ. ಆಗ ಮುರುಡೇಶ್ವರದ 237 ಅಡಿಯ ಗೋಪುರ ಬಹು ದೂರದಿಂದಲೇ, ನೀರಿನಲ್ಲಿ ನೆಟ್ಟ ಕಂಬದ ಹಾಗೆ, ಕಾಣಿಸತೊಡಗಿತು. ಅಲ್ಲಿ ಕರಾವಳಿ ಕಾವಲು ಪೊಲೀಸರು ನಮ್ಮ ಕಾಗದಪತ್ರಗಳನ್ನು ನೋಡಿದರು. ನೇತ್ರಾಣಿ ದ್ವೀಪ ಪಡುವಣದಲ್ಲಿ ಕಪ್ಪು ಗುಡ್ಡೆಯಾಗಿ ಕಂಡಿತು, ಅತ್ತ ಹೋಗಲಿಲ್ಲ. ಭಟ್ಕಳದಲ್ಲಿ ಒಂದು ರಾತ್ರಿ ಕಳೆದೆವು.

ನಾಲ್ಕನೆಯ ದಿನ ಮರವಂತೆಯನ್ನು ಸಮುದ್ರದ ಕಡೆಯಿಂದ ನೋಡಿದ್ದು ವಿಚಿತ್ರ ಅನುಭವ. ಬಸ್ಸಿನ ಕಿಟಕಿಯಿಂದ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಎಂದು ಬೆರಗಾಗುತ್ತಿದ್ದ ಜಾಗದಲ್ಲಿ ಈಗ ಲಾರಿಗಳ ಸಾಲೊಂದು ನೀರಿನ ಅಂಚಿನಲ್ಲಿ ಓಡುತ್ತಿತ್ತು, ನದಿಯ ಸುಳಿವೇ ಇರಲಿಲ್ಲ. ಗಂಗೊಳ್ಳಿಯ ಅಳಿವೆಯ ಹೊರಗೆ ಲಂಗರು ಹಾಕಿ ಎರಡೂವರೆ ತಾಸು ಕಾದೆವು. ಗಂಜಿ ಉಂಡು, ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನು ಖಾಲಿ ಮಾಡಿ, ಭರತ ತುಂಬಿದ ಮೇಲೆ ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟುಗಳ ಹಿಂದೆ ಒಳಗೆ ಹೋದೆವು.

ಕೊನೆಯ ದಿನ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳ ಬಳಿ ಹಾದುಹೋದೆವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ಆರುತ್ತ ಕುಗ್ಗಿ ಹೀಗೆ ಪಟ್ಟಿಪಟ್ಟಿಯಾಗಿ ಸೀಳಿತಂತೆ. ಮಲ್ಪೆ ಬಂದರಿನ ಬಾಯಿಗೆ ಬಂದಾಗ ಭರತವೇನೋ ಸರಿಯಾಗಿತ್ತು, ಆದರೆ ಮೀನು ತುಂಬಿಕೊಂಡು ಮರಳುತ್ತಿದ್ದ ಟ್ರಾಲ್ ಬೋಟುಗಳು ಒಂದರ ಹಿಂದೊಂದು ನಿಂತಿದ್ದವು. ಹೊಟ್ಟೆಪಾಡಿಗೆ ದುಡಿದು ಬಂದವರು ಮೊದಲು ಹೋಗಲಿ ಎಂದು ನಾನು ಬದಿಗೆ ಲಂಗರು ಬಿಟ್ಟೆ. ಇವರು ಕೇಳದೆಯೇ ಚಹಾಕ್ಕೆ ನೀರಿಟ್ಟರು.