ಪಂಚ್ ಔಟ್ ಮಾಡಿ ಟ್ರ್ಯಾಕ್ ಹತ್ತಿದವರು

ನಮ್ಮ ಮನರಂಜನಾ ಪಾರ್ಕಿನ ಓಟಿ (ಓವರ್‌ಟೈಮ್) ಆ್ಯಪ್ ಮಾಡಿದವರಿಗೆ, ರೈಡ್ ಯಾವಾಗ ಕೆಡುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ ಅಂತ ಕಾಣುತ್ತದೆ. ಶಿಫ್ಟ್ ಮುಗಿಯುವ ಮೊದಲೇ ರಿಕ್ವೆಸ್ಟ್ ಹಾಕಬೇಕು. ಏರಿಯಾ ಮ್ಯಾನೇಜರ್ ಅಪ್ರೂವ್ ಮಾಡಬೇಕು. ಆಮೇಲೆ ಹೆಚ್ಚಿನ ಕೆಲಸ ಮಾಡಬೇಕು. ಅಪ್ರೂವಲ್ ಇಲ್ಲದೆ ಪಂಚ್ ಔಟ್, ಅಂದರೆ ಡ್ಯೂಟಿ ಮುಗಿಯಿತು ಅಂತ ಮಷಿನ್‌ನಲ್ಲಿ ದಾಖಲಿಸುವುದು, ತಡವಾದರೆ ಆ ಹುಡುಗನ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ. ತಿಂಗಳ ಕೊನೆಯ ಮೀಟಿಂಗ್‌ನಲ್ಲಿ ಯಾರ ಟೀಮಿನಲ್ಲಿ ಕೆಂಪು ಜಾಸ್ತಿಯೋ ಆ ಶಿಫ್ಟ್ ಲೀಡ್‌ಗೆ ಎಲ್ಲರ ಮುಂದೆ ಪೂಜೆ.

ನಾನು ರೋಲರ್ ಕೋಸ್ಟರ್‌ನ ಸಂಜೆ ಶಿಫ್ಟ್ ಲೀಡ್. ನನ್ನ ಲಿಸ್ಟ್‌ನಲ್ಲಿ ಕೆಂಪು ಇರುತ್ತಲೇ ಇರಲಿಲ್ಲ. ಬೇರೆ ಲೀಡ್‌ಗಳು ಬಂದು ಹೇಗೆ ಮ್ಯಾನೇಜ್ ಮಾಡುತ್ತೀಯ ಎಂದು ಕೇಳುತ್ತಿದ್ದರು. ತುಂಬಾ ಸುಲಭ. ಟೈಮ್ ಆಗುತ್ತಿದ್ದಂತೆ ಎಲ್ಲರನ್ನೂ ಪಂಚ್ ಔಟ್ ಮಾಡಿಸುವುದು. ಉಳಿದ ಕೆಲಸ, ಅಂದರೆ ಪ್ಲಾಟ್‌ಫಾರ್ಮ್ ಸ್ವೀಪ್, ಲಾಕರ್ ಚೆಕ್, ಕ್ಲೋಸಿಂಗ್ ಶೀಟ್, ಎಲ್ಲಾ ಅದಾದ ಮೇಲೆ. ಹತ್ತು ಹದಿನೈದು ನಿಮಿಷದ ಕೆಲಸ, ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನುವುದಿಲ್ಲ ಅಂದರೆ ಬೇಜಾರಿಲ್ಲ ಅಂತಲೇ ನಾನು ಅರ್ಥ ಮಾಡಿಕೊಂಡಿದ್ದೆ.

ಪೀಕ್ ಸೀಸನ್ನಿನ ಒಂದು ಶನಿವಾರ. ಎರಡು ಟ್ರೈನ್ ಓಡುತ್ತಿದ್ದವು. ಕ್ಯೂ ಕ್ಲೋಸ್ ಆಗಿತ್ತು. ಕೊನೆಯ ಲೋಡ್ ಲಿಫ್ಟ್, ಅಂದರೆ ಚೈನ್ ಟ್ರೈನನ್ನು ಎಳೆದೊಯ್ಯುವ ಏರು, ಹತ್ತುತ್ತಿತ್ತು, ಇನ್ನೊಂದು ಟ್ರೈನ್ ಬ್ರೇಕ್ ಹಾಕುವ ಟ್ರ್ಯಾಕ್ ಭಾಗವಾದ ಬ್ರೇಕ್ ರನ್ ದಾಟಿ ಸ್ಟೇಷನ್‌ಗೆ ಬಂದಿತ್ತು. ಆದರೆ ಬ್ರೇಕ್ ರನ್ ಸೆನ್ಸರ್ ಅದನ್ನು ಒಪ್ಪಲಿಲ್ಲ. ಟ್ರೈನ್ ಇನ್ನೂ ಅಲ್ಲೇ ಇದೆ ಅಂದಿತು. ಮುಂದಿನ ಬ್ಲಾಕ್, ಅಂದರೆ ಒಂದು ಸಲಕ್ಕೆ ಒಂದೇ ಟ್ರೈನ್ ಇರಬೇಕಾದ ಟ್ರ್ಯಾಕ್ ಭಾಗ, ಖಾಲಿ ಇಲ್ಲ ಅಂದರೆ ರೈಡ್ ನಡೆಸುವ ಕಂಪ್ಯೂಟರ್ ಪಿಎಲ್‌ಸಿ ಹಿಂದಿನ ಟ್ರೈನನ್ನು ಬಿಡುವುದಿಲ್ಲ. ಬಿಡಲೂ ಬಾರದು. ಚೈನ್ ನಿಂತಿತು. ಮುಕ್ಕಾಲು ಲಿಫ್ಟ್ ಮೇಲೆ, ತುಂಬಿದ ಟ್ರೈನ್.

ಕೋಸ್ಟರ್‌ನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಟ್ರೈನ್ ಹಿಂದಕ್ಕೆ ಜಾರದಂತೆ ಹಿಡಿಯುವ ಆ್ಯಂಟಿ ರೋಲ್‌ಬ್ಯಾಕ್‌ನ ಟಕ ಟಕ ನಿಂತ ತಕ್ಷಣ ಕಿವಿ ಮೊದಲು ಎಚ್ಚರ ಆಗುತ್ತದೆ. ಮೇಲಿದ್ದವರಿಗೆ ಗೊತ್ತಾಗಲಿಲ್ಲ. ಇದೂ ರೈಡಿನ ಭಾಗ ಅಂದುಕೊಂಡು ಕಿರುಚಿ ನಕ್ಕರು. ಒಬ್ಬರು ಫೋನ್ ತೆಗೆದರು, ಬಿದ್ದುಹೋಗುವ ವಸ್ತು (ಲೂಸ್ ಆರ್ಟಿಕಲ್ಸ್) ಒಯ್ಯಬೇಡಿ ಅಂತ ಇಡೀ ದಿನ ನಾವು ಗಂಟಲು ಹರಿದುಕೊಂಡಿದ್ದು ವ್ಯರ್ಥ. ಕಂಟ್ರೋಲ್‌ನಲ್ಲಿದ್ದ ಹುಡುಗ ಅನೌನ್ಸ್‌ಮೆಂಟ್ ಶುರು ಮಾಡಿದ. ಎರಡನೇ ಸಲ ಅದೇ ಅನೌನ್ಸ್‌ಮೆಂಟ್ ಬಂದಾಗ ನಗು ಕಡಿಮೆ ಆಯಿತು. ಮೂರನೇ ಸಲಕ್ಕೆ ಹಿಂದಿನ ಕಾರ್‌ನಲ್ಲಿ ಒಂದು ಮಗು ಅಳಲು ಶುರು ಮಾಡಿತು.

ಮೇಂಟೆನೆನ್ಸ್‌ನವರು ಬಂದರು, ರಿಸೆಟ್ ಹೊಡೆದರು, ಫಾಲ್ಟ್ ಹೋಗಲಿಲ್ಲ. ಸೆನ್ಸರ್ ಬೈಪಾಸ್ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ, ಅಷ್ಟು ಬುದ್ಧಿ ಎಲ್ಲರಿಗೂ ಇತ್ತು. ಇವ್ಯಾಕ್, ಅಂದರೆ ಜನರನ್ನು ಟ್ರೈನಿನಿಂದ ಬಿಡಿಸಿ ನಡೆಸಿಕೊಂಡು ಕೆಳಗೆ ಇಳಿಸುವುದು, ಅಂತ ತೀರ್ಮಾನ ಆಯಿತು. ನಾನು ಗಡಿಯಾರ ನೋಡಿದೆ.

ಜನ ಮೇಲೆ ಸಿಕ್ಕಿಕೊಂಡಿದ್ದಾರೆ, ನಾನು ನೋಡಿದ್ದು ಗಡಿಯಾರ. ಶಿಫ್ಟ್ ಮುಗಿಯಲು ಕೆಲವೇ ನಿಮಿಷ ಇತ್ತು. ಏರಿಯಾ ಮ್ಯಾನೇಜರ್‌ಗೆ ಫೋನ್ ಮಾಡಿದೆ, ಅವರು ಕ್ಲೋಸಿಂಗ್ ಪೆರೇಡ್ ಗಲಾಟೆಯಲ್ಲಿದ್ದರು, ಎತ್ತಲಿಲ್ಲ. ಆ್ಯಪ್‌ನಲ್ಲಿ ಹಾಕಿದ ರಿಕ್ವೆಸ್ಟ್ ‘ಪೆಂಡಿಂಗ್’ ಅಂತ ಸುಮ್ನೆ ತಿರುಗುತ್ತಿತ್ತು. ಮೇಲೆ ಹತ್ತಬೇಕಾದವರು ನಾಲ್ವರು. ಮುಖ ನೋಡಿ ಪಂಚ್ ಮಾಡುವ ಫೇಸ್ ಮಷಿನ್ ರೈಡಿನ ಹಿಂದಿನ ಗೇಟ್ ಪಕ್ಕದಲ್ಲೇ ಇದೆ.

“ಹೋಗಿ ಪಂಚ್ ಔಟ್ ಮಾಡ್ಕೊಂಡು ಬನ್ನಿ. ಓಟಿ ನಾನು ನೋಡ್ಕೋತೀನಿ” ಅಂದೆ.

ಮೂವರು ಓಡಿದರು. ಒಬ್ಬಳು ನಿಂತಳು. ಟೀಮಿನಲ್ಲಿ ಇವ್ಯಾಕ್ ಟ್ರೈನಿಂಗ್ ಎಲ್ಲರಿಗಿಂತ ಚೆನ್ನಾಗಿ ಮುಗಿಸಿದ್ದವಳು.

“ಅಣ್ಣ, ಪಂಚ್ ಔಟ್ ಆದ್ಮೇಲೆ ಟ್ರ್ಯಾಕ್ ಹತ್ತಬಹುದಾ?”

ಇಷ್ಟು ಗಲಾಟೆಯಲ್ಲಿ ಇವಳಿಗೆ ದುಡ್ಡಿನ ಲೆಕ್ಕ ಅನ್ನಿಸಿತು ನನಗೆ. “ಅದೆಲ್ಲ ಆಮೇಲೆ, ಬೇಗ ಹೋಗು” ಅಂದೆ. ಹೋದಳು. ಆಮೇಲೆ ಯೋಚಿಸಿದರೆ, ದುಡ್ಡಿನ ಲೆಕ್ಕವೇ ಆಗಿದ್ದರೂ ಕೇಳಿದ್ದರಲ್ಲಿ ತಪ್ಪೇನಿತ್ತು? ಆದರೆ ಅವಳು ಕೇಳಿದ್ದು ಅದಲ್ಲ.

ಪವರ್ ಲಾಕ್ ಮಾಡಿ, ಟ್ಯಾಗ್ ಹಾಕಿ, ಮೇಲೆ ಹೋಗುವ ಪ್ರತಿಯೊಬ್ಬರೂ ರಿಜಿಸ್ಟರ್‌ನಲ್ಲಿ ಟೈಮ್ ಬರೆದು ಸೈನ್ ಮಾಡಿದರು. ಒಂದು ಕಾರ್ ಬಿಡಿಸುವುದು, ಅದರಲ್ಲಿದ್ದವರನ್ನು ಟ್ರ್ಯಾಕ್ ಪಕ್ಕದ ನಡೆದಾರಿ ಕ್ಯಾಟ್‌ವಾಕ್‌ಗೆ ಇಳಿಸುವುದು, ಆಮೇಲೆ ಮುಂದಿನ ಕಾರ್. ತೊಡೆ ಮೇಲೆ ಹಿಡಿದಿಡುವ ಲ್ಯಾಪ್ ಬಾರ್‌ಗಳನ್ನು ಎಲ್ಲಾ ಒಟ್ಟಿಗೆ ಬಿಡಿಸುವಂತಿಲ್ಲ. ಕೆಳಗೆ ನಿಂತು ತಲೆ ಎಣಿಸುವುದು ನನ್ನ ಕೆಲಸ. ಜನ ರೇಲಿಂಗ್ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಕೊನೆಗೆ ಒಬ್ಬ ಹಿರಿಯರು. ಕಾಲು ನಡುಗಿ ಮಧ್ಯದಲ್ಲೇ ನಿಂತುಬಿಟ್ಟರು. ಅವಳು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು, ಅವರ ಕಡೆ ಮುಖ ಮಾಡಿ, ಹಿಂದಕ್ಕೆ ಹಿಂದಕ್ಕೆ ಇಳಿದಳು. ಮಾತಾಡಿಸುತ್ತಲೇ ಇದ್ದಳು. ಮೇಲೆ ಕುಳಿತು ಭಯಪಟ್ಟವರಿಗೆ ಸೆನ್ಸರ್ ಬಗ್ಗೆ ಹೇಳಿ ಪ್ರಯೋಜನ ಇಲ್ಲ. ಅವರ ಮೊಮ್ಮಕ್ಕಳ ಬಗ್ಗೆ ಕೇಳಬೇಕು. ಈ ಕೆಲಸಕ್ಕೆ ಸ್ಯಾಲರಿ ಸ್ಲಿಪ್‌ನಲ್ಲಿ ‘ಅನ್‌ಸ್ಕಿಲ್ಡ್’ ಅಂತ ಬರೆದಿರುತ್ತಾರೆ.

ಅವರನ್ನು ಕೆಳಗೆ ಮುಟ್ಟಿಸಿದಳು. ಕೊನೆಯ ಮೆಟ್ಟಿಲುಗಳಲ್ಲಿ ಅವಳದೇ ಕಾಲು ಜಾರಿತು. ಕೈ ಊರಿದಳು. ಮಣಿಕಟ್ಟು ಮುರಿಯಿತು.

ಮಾರನೇ ದಿನ ದೊಡ್ಡವರಿಂದ ಮೇಲ್ ಬಂತು. ಅದ್ಭುತ ಟೀಮ್ ವರ್ಕ್, ಗೆಸ್ಟ್ ಫಸ್ಟ್ ಅಂದರೆ ಇದು, ಎಲ್ಲರಿಗೂ ಚಪ್ಪಾಳೆ. ಅದೇ ಮಧ್ಯಾಹ್ನ ಎಚ್‌ಆರ್ ಮೇಡಂ ಫೋನ್ ಮಾಡಿದರು. ಆ್ಯಕ್ಸಿಡೆಂಟ್ ಫಾರ್ಮ್‌ನಲ್ಲಿ ‘ಘಟನೆಯ ಸಮಯದಲ್ಲಿ ಡ್ಯೂಟಿಯಲ್ಲಿದ್ದರೇ’ ಅನ್ನುವ ಕಾಲಂ ಸಿಸ್ಟಮ್‌ನಿಂದ ತಾನೇ ತುಂಬಿಕೊಳ್ಳುತ್ತದೆ. ‘ಇಲ್ಲ’ ಎಂದು ತುಂಬಿತ್ತು.

“ಪಂಚ್ ಔಟ್ ಆದವರು ಟ್ರ್ಯಾಕ್ ಮೇಲೆ ಏನು ಮಾಡುತ್ತಿದ್ದರು?” ಎಂದು ಕೇಳಿದರು. ಬೇಕಂತ ಕೇಳಿದ್ದಲ್ಲ ಅವರು. ಸ್ಕ್ರೀನ್ ನೋಡಿ ಕೇಳಿದರು. ಸ್ಕ್ರೀನ್ ಪ್ರಕಾರ ಆ ನಾಲ್ವರು ಡ್ಯೂಟಿ ಮುಗಿಸಿ, ಮನೆಗೆ ಹೋಗದೆ, ಪವರ್ ಲಾಕ್ ಆದ ರೈಡ್ ಹತ್ತಿದ ಹೊರಗಿನವರು. ಹುಡುಗಿ ಕೇಳಿದ ಪ್ರಶ್ನೆ ಆಗ ನನ್ನ ತಲೆಗೆ ಹೋಯಿತು. ಕೆಲವು ನಿಮಿಷದ ಓಟಿ ಉಳಿಸಲು ಹೋಗಿ ಅವಳ ಆಸ್ಪತ್ರೆ ಖರ್ಚು, ಗಾಯದ ರಜೆಯ ಸಂಬಳ ಎಲ್ಲವನ್ನೂ ನಾನು ತೂಗುಯ್ಯಾಲೆಯಲ್ಲಿ ಇಟ್ಟಿದ್ದೆ.

ಕಾಪಾಡಿದ್ದು ಮೇಂಟೆನೆನ್ಸ್‌ನವರ ಆ ಹಳೇ ರಟ್ಟಿನ ರಿಜಿಸ್ಟರ್. ಅವಳ ಸೈನ್, ಅವಳೇ ಬರೆದ ಟೈಮ್. ಜೊತೆಗೆ ಸಿಸಿಟಿವಿ. ನಾನು ಹೇಳಿ ಪಂಚ್ ಔಟ್ ಮಾಡಿಸಿದ್ದು ಎಂದು ಬರೆದು ಕೊಟ್ಟೆ, ಅದಕ್ಕೆ ನನಗೊಂದು ಮೆಮೋ ಬಂತು. ಖರ್ಚು ಕೊಟ್ಟರು. ಓಟಿ ಮಾತ್ರ ಮುಂದಿನ ತಿಂಗಳು ‘ಇನ್ಸೆಂಟಿವ್’ ಹೆಸರಲ್ಲಿ, ಮಾಮೂಲಿ ರೇಟ್‌ನಲ್ಲಿ ಬಂತು. ಓಟಿ ಅಂತ ಬರೆದರೆ ಓಟಿ ರೇಟ್ ಕೊಡಬೇಕಲ್ಲ.

ಈಗ ಸ್ವಲ್ಪ ಬೇರೆ ಮಾತು. ಹೊಸಬರಿಗೆ ಕೊಡುವ ನಮ್ಮ ಇಂಡಕ್ಷನ್ ಟ್ರೈನಿಂಗ್‌ನಲ್ಲಿ ಡಿಸ್ನಿ ಹೆಸರು ಬಾರದ ಸ್ಲೈಡೇ ಇಲ್ಲ. ಅಲ್ಲಿ ಉದ್ಯೋಗಿಗಳನ್ನು ಕಾಸ್ಟ್ ಮೆಂಬರ್ ಅನ್ನುತ್ತಾರೆ, ಡ್ರೆಸ್ಸಿಗೆ ಕಾಸ್ಟ್ಯೂಮ್ ಅನ್ನುತ್ತಾರೆ, ದಾರಿ ತೋರಿಸಲು ಒಂದೇ ಬೆರಳು ಬಳಸುವುದಿಲ್ಲ, ನೋಡಿ ಕಲಿಯಿರಿ. ಸರಿ, ನೋಡೋಣ ಅಂತ ಸಂಬಳದ ಕಡೆಯಿಂದ ನೋಡಿದೆ. 2017ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಫ್ಲೋರಿಡಾದ ಡಿಸ್ನಿ ರೆಸಾರ್ಟ್‌ಗಳಿಂದ 16,339 ಉದ್ಯೋಗಿಗಳಿಗೆ 38 ಲಕ್ಷ ಡಾಲರ್ ಬಾಕಿ ಸಂಬಳ ಕೊಡಿಸಿತು. ಕಾರಣ ಕೇಳಿದರೆ ನಮ್ಮ ಹುಡುಗರಿಗೆ ನಗು ಬರುತ್ತದೆ. ಕಾಸ್ಟ್ಯೂಮ್ ಖರ್ಚು ಅಂತ ಹಿಡಿದುಕೊಂಡಿದ್ದರಿಂದ ಕೆಲವರ ಗಂಟೆಯ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿದಿತ್ತು. ಶಿಫ್ಟ್‌ಗೆ ಮೊದಲು, ಶಿಫ್ಟ್ ಆದ ಮೇಲೆ ಮಾಡಿಸಿದ ಕೆಲಸಕ್ಕೆ ದುಡ್ಡು ಕೊಟ್ಟಿರಲಿಲ್ಲ. ಟೈಮಿನ ದಾಖಲೆಯೂ ಸರಿಯಾಗಿ ಇರಲಿಲ್ಲ. ಈ ಸ್ಲೈಡ್ ಇಂಡಕ್ಷನ್‌ನಲ್ಲಿ ಇಲ್ಲ.

ಅಲ್ಲಿನ ನಿಯಮದಲ್ಲಿ ನನಗೆ ಹಿಡಿಸಿದ ಒಂದು ಮಾತಿದೆ. ಮಾಲೀಕರು ಹೇಳಿ ಮಾಡಿಸದಿದ್ದರೂ, ಮಾಡಲು ಬಿಟ್ಟರೆ ಅದೂ ಕೆಲಸವೇ. ಹೆಚ್ಚು ಹೊತ್ತು ಕೆಲಸ ಮಾಡಬೇಡಿ ಎಂದು ಒಂದು ರೂಲ್ ಬರೆದು ಗೋಡೆಗೆ ಅಂಟಿಸಿದರೆ ಸಾಲದು. ಬೇಡವಾದರೆ ಆ ಕೆಲಸ ನಡೆಯದಂತೆ ನೋಡಿಕೊಳ್ಳುವುದು ಮ್ಯಾನೇಜ್‌ಮೆಂಟ್‌ನ ಹೊಣೆ. ನಮ್ಮ ಆ್ಯಪ್‌ನ ಇಡೀ ಲಾಜಿಕ್ ಇದಕ್ಕೆ ಉಲ್ಟಾ. ಅಪ್ರೂವಲ್ ಇಲ್ಲ, ಹಾಗಾಗಿ ಕೆಲಸ ನಡೆದೇ ಇಲ್ಲ.

ಅಲ್ಲೂ ಎಲ್ಲಾ ಚೆನ್ನಾಗಿದೆ ಅಂತಲ್ಲ. ವರ್ಷಕ್ಕೆ ಏಳು ತಿಂಗಳಿಗಿಂತ ಜಾಸ್ತಿ ನಡೆಯದ ಮನರಂಜನಾ ಪಾರ್ಕ್‌ಗಳಿಗೆ ಅದೇ ಕಾನೂನಿನಲ್ಲಿ ಫೆಡರಲ್ ಕನಿಷ್ಠ ವೇತನದಿಂದಲೂ ಓಟಿಯಿಂದಲೂ ವಿನಾಯಿತಿ ಇದೆ. ಕೆಲಸ ಮುಗಿದ ಮೇಲೆ ಸೆಕ್ಯುರಿಟಿ ಚೆಕ್‌ಗೆ ಕಾಯುವ ಹೊತ್ತಿಗೆ ಸಂಬಳ ಕೊಡಬೇಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಅದು ಗೋದಾಮಿನ ಕೆಲಸಗಾರರ ಕೇಸ್. 2020ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ತನ್ನ ರಾಜ್ಯದ ನಿಯಮದ ಪ್ರಕಾರ ಬ್ಯಾಗ್ ಚೆಕ್‌ಗೆ ಕಾಯುವುದೂ ಸಂಬಳದ ಹೊತ್ತೇ ಅಂದಿತು. ಒಂದೇ ಬ್ಯಾಗ್, ಒಂದೇ ಕ್ಯೂ, ಎರಡು ಉತ್ತರ. ಅದೇ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಪಾತ್ರಗಳ ವೇಷ ಹಾಕುವವರೂ ಪೆರೇಡ್‌ನವರೂ 2024ರಲ್ಲಿ ಮತ ಹಾಕಿ ಯೂನಿಯನ್ ಸೇರಿಕೊಂಡರು.

ಇದನ್ನೆಲ್ಲ ಎಚ್‌ಆರ್ ಮೇಡಂಗೆ ಹೇಳಿದಾಗ “ಅದು ಅಲ್ಲಿನ ಕಾನೂನು” ಅಂದರು. ನಿಜ. ಆದರೆ ನೀವು ಕಲಿಸುವ ನಗುವೂ ಅಲ್ಲಿಯದೇ ಅಲ್ವಾ ಮೇಡಂ ಅಂದೆ. ಅವರಿಗೂ ನಗು ಬಂತು.

ಮ್ಯಾನೇಜ್‌ಮೆಂಟ್ ವಾದ ನನಗೆ ಗೊತ್ತಿಲ್ಲ ಅಂತಲ್ಲ. ಪಾರ್ಕ್ ದುಡಿಯುವುದು ರಜೆ ತಿಂಗಳುಗಳಲ್ಲಿ ಮಾತ್ರ, ಖಾಲಿ ದಿನವೂ ರೈಡ್ ಇನ್‌ಸ್ಪೆಕ್ಷನ್ ತಪ್ಪಿಸುವಂತಿಲ್ಲ, ಮಳೆ ಬಂದರೆ ದಿನವೇ ಹೋಯಿತು. ಒಪ್ಪೋಣ. ಆದರೆ ಮಳೆ ಬಂದ ದಿನ ಟೆಂಪರರಿ ಹುಡುಗರನ್ನು ಮಧ್ಯಾಹ್ನಕ್ಕೇ ಮನೆಗೆ ಕಳಿಸಿ ಆ ಗಂಟೆಗಳನ್ನು ಕಡಿಯುತ್ತೀರಿ. ಜನ ಕಿಕ್ಕಿರಿದ ದಿನ ಅದೇ ಹುಡುಗರಿಗೆ ಅದೇ ರೇಟ್. ನಷ್ಟದಲ್ಲಿ ಮಾತ್ರ ಪಾಲುದಾರರು ಅವರು. ಮಳೆಯ ರಿಸ್ಕ್ ಹೊರುವವರಿಗೆ ಬಿಸಿಲಿನಲ್ಲೂ ಏನಾದರೂ ಸಿಗಬೇಕು. ಅದಾಗದಿದ್ದರೆ ಕರೆಸಿದ ದಿನಕ್ಕೆ ಇಷ್ಟು ಗಂಟೆ ಸಂಬಳ ಗ್ಯಾರಂಟಿ ಎಂದಾದರೂ ಇರಬೇಕು.

ನನ್ನ ಶಿಫ್ಟ್‌ನಲ್ಲಿ ಈಗ ಪಂಚ್ ಔಟ್ ಆದ ಮೇಲೆ ಪೊರಕೆ ಮುಟ್ಟುವಂತಿಲ್ಲ. ಕ್ಲೋಸಿಂಗ್ ಶೀಟ್ ಮುಗಿಯಬೇಕು, ಆಮೇಲೆ ಪಂಚ್. ಮೊದಲ ತಿಂಗಳೇ ನನ್ನ ಲಿಸ್ಟ್ ಪೂರ್ತಿ ಕೆಂಪು. ಮೀಟಿಂಗ್‌ನಲ್ಲಿ ಕೇಳಿದರು. ಈ ನಿಮಿಷಗಳು ಮೊದಲೂ ಇದ್ದವು ಸಾರ್, ಬಣ್ಣ ಇರಲಿಲ್ಲ ಅಷ್ಟೇ ಅಂದೆ. ಆ ಮಾತು ಯಾರಿಗೂ ಇಷ್ಟ ಆಗಲಿಲ್ಲ. ಆದರೆ ಬೇರೆ ಲೀಡ್‌ಗಳೂ ಹಾಗೇ ಮಾಡಲು ಶುರು ಮಾಡಿದರು. ಎಲ್ಲರ ಲಿಸ್ಟ್ ಕೆಂಪಾದ ಮೇಲೆ ಯಾರನ್ನು ಬೈಯುವುದು? ಬ್ರೇಕ್‌ಡೌನ್, ಇವ್ಯಾಕ್ ಆದರೆ ಓಟಿ ರಿಕ್ವೆಸ್ಟನ್ನು ಮಾರನೇ ದಿನ ಹಾಕಬಹುದು ಎಂದು ಸರ್ಕ್ಯುಲರ್ ಬಂದಿದೆ. ಕ್ಲೋಸಿಂಗ್ ಕೆಲಸದ ಹದಿನೈದು ನಿಮಿಷವನ್ನು ರೋಸ್ಟರ್‌ಗೆ ಸೇರಿಸಿದ್ದಾರೆ. ಹುಡುಗಿ ವಾಪಸ್ ಬಂದಿದ್ದಾಳೆ, ಟ್ರೈನರ್ ಆಗಿದ್ದಾಳೆ. ಟ್ರೈನರ್ ಅಲೋಯನ್ಸ್ ಇನ್ನೂ ‘ಪ್ರೊಸೆಸ್‌ನಲ್ಲಿದೆ’.

ಗೊಂಬೆ ವೇಷ ಹಾಕುವ ಮ್ಯಾಸ್ಕಾಟ್ ಹುಡುಗರ ವಿಷಯ ಹಾಗೇ ಉಳಿದಿದೆ. ಆ ಡ್ರೆಸ್ ಒಬ್ಬರೇ ಹಾಕಿಕೊಳ್ಳಲು ಆಗುವುದಿಲ್ಲ, ಇನ್ನೊಬ್ಬರು ಹಿಂದಿನಿಂದ ಜಿಪ್ ಎಳೆಯಬೇಕು. ಅದೆಲ್ಲ ಆದ ಮೇಲೆ ನಡೆದು ಬಂದು, ತಲೆ ಕಳಚಿ ಮಷಿನ್‌ಗೆ ಮುಖ ತೋರಿಸಬೇಕು. ಡ್ಯೂಟಿ ಶುರುವಾಗುವುದು ಅಲ್ಲಿಂದ. ಮಷಿನನ್ನು ಚೇಂಜಿಂಗ್ ರೂಮ್ ಬಾಗಿಲಿಗೆ ಹಾಕಿ ಎಂದು ಬರೆದು ಕೊಟ್ಟೆವು. ಅಲ್ಲಿಗೆ ಕೇಬಲ್ ಎಳೆಯಲು ಈ ವರ್ಷ ಬಜೆಟ್ ಇಲ್ಲವಂತೆ. ಹೊಸ ಸೆಲ್ಫಿ ಪಾಯಿಂಟಿನ ಲೈಟ್‌ಗಳಿಗೆ ಕೇಬಲ್ ಹೋಗಿರುವುದು ಅದೇ ಬಾಗಿಲ ಮೇಲಿಂದ.