ಸಕ್ಕರೆಯ ವಹಿ ಯಾರ ಕೈಯಲ್ಲಿರಬೇಕು?

ದೇಹ ತಾನಾಗಿ ಇನ್ಸುಲಿನ್ ತಯಾರಿಸದ ಟೈಪ್ 1 ಮಧುಮೇಹದಲ್ಲಿ ಅದನ್ನು ಚುಚ್ಚಿಕೊಳ್ಳಲು ಕಲಿಯುವುದೇ ಎಲ್ಲಕ್ಕಿಂತ ಸುಲಭದ ಕೆಲಸ. ಒಂಬತ್ತು ಹತ್ತು ವರ್ಷದ ಮಕ್ಕಳೂ ಅದನ್ನು ಬೇಗ ಕಲಿತುಬಿಡುತ್ತಾರೆ. ನೋಡಿದವರು ಧೈರ್ಯವನ್ನು ಹೊಗಳುತ್ತಾರೆ, ತಂದೆತಾಯಿಗಳು ಅರ್ಧ ಭಾರ ಇಳಿಯಿತೆಂದು ನಂಬುತ್ತಾರೆ. ಕಷ್ಟವೆಲ್ಲ ಇರುವುದು ಸೂಜಿಗಿಂತ ಮುಂಚಿನ ಅರ್ಧ ನಿಮಿಷದಲ್ಲಿ. ಈಗ ಸಕ್ಕರೆ ಎಷ್ಟಿದೆ, ಈಗ ತಿನ್ನಲಿರುವುದು ಏನು, ಮುಂದಿನ ಎರಡು ತಾಸು ಓಡಾಟವೋ ಕುಳಿತು ಓದುವುದೋ, ಹಾಗಾದರೆ ಎಷ್ಟು ಯೂನಿಟ್ ತೆಗೆದುಕೊಳ್ಳಬೇಕು ಎಂಬುದನ್ನು ಹಬ್ಬವಿರಲಿ ಪರೀಕ್ಷೆಯಿರಲಿ, ದಿನಕ್ಕೆ ಹಲವು ಸಲ ತೀರ್ಮಾನಿಸುತ್ತಲೇ ಇರಬೇಕಾಗುತ್ತದೆ. ಜವಾಬ್ದಾರಿಯನ್ನು ಮಕ್ಕಳಿಗೆ ವಹಿಸಿಕೊಡುವುದೆಂದರೆ ಈ ತೀರ್ಮಾನಗಳನ್ನು ಒಂದೊಂದಾಗಿ ವಹಿಸಿಕೊಡುವುದು. ಹದಿನಾರು ತುಂಬಿತೆಂದು ಎಲ್ಲವನ್ನೂ ಒಮ್ಮೆಲೇ ಕೈಗಿಟ್ಟು ದೂರ ನಿಲ್ಲುವುದು ಮಗುವನ್ನು ಕೈಬಿಟ್ಟಂತೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ನನ್ನ ಮಗಳಿಗೆ ಈ ಕಾಯಿಲೆ ಬಂದಾಗ ಅವಳು ಮೂರನೆಯ ಇಯತ್ತೆಯಲ್ಲಿದ್ದಳು. ಈಗ ಧಾರವಾಡದಲ್ಲಿ ಪಿಯುಸಿ ಮೊದಲ ವರ್ಷ. ನಾವಿರುವುದು ಹುಬ್ಬಳ್ಳಿಯಲ್ಲಿ, ಬೆಳಿಗ್ಗೆ ಚಿಗರಿ ಬಸ್ಸು ಹತ್ತಿದವಳು ಕಾಲೇಜು ಮತ್ತು ಸಪ್ತಾಪುರದ ಟ್ಯೂಷನ್ ಮುಗಿಸಿಕೊಂಡು ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತದೆ. ಮಧ್ಯಾಹ್ನದ ಊಟ, ಅದಕ್ಕೆ ಮುಂಚಿನ ಇನ್ಸುಲಿನ್, ಗೆಳತಿಯರ ಜೊತೆಗಿನ ತಿಂಡಿ, ಬಸ್ಸಿನಲ್ಲಿ ಕೈ ನಡುಗಿದರೆ ಅದರ ಉಪಾಯ, ಎಲ್ಲವೂ ನನ್ನ ಕಣ್ಣಿನ ಹೊರಗೆ ನಡೆಯುತ್ತವೆ.

ಹರೆಯದ ಬಗ್ಗೆ ಒಂದು ಸಂಗತಿಯನ್ನು ತಂದೆತಾಯಿಗಳು ಮೊದಲು ತಿಳಿದುಕೊಂಡರೆ ಅರ್ಧದಷ್ಟು ಜಗಳ ತಪ್ಪುತ್ತದೆ. ಈ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನು ಮತ್ತು ಲೈಂಗಿಕ ಹಾರ್ಮೋನುಗಳು ಏರುವುದರಿಂದ ಇನ್ಸುಲಿನ್ನಿಗೆ ದೇಹ ಮೊದಲಿನಂತೆ ಸ್ಪಂದಿಸುವುದಿಲ್ಲ. ಹರೆಯಕ್ಕೆ ಮುಂಚೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.7ರಿಂದ 1 ಯೂನಿಟ್ ಸಾಕಾಗುತ್ತಿದ್ದ ಮಗುವಿಗೆ ಈಗ ಒಂದನ್ನು ಮೀರಿ, ಕೆಲವೊಮ್ಮೆ ಎರಡರ ಸಮೀಪದವರೆಗೂ ಬೇಕಾಗಬಹುದು. ಬೆಳಗಿನ ಜಾವ ಸಕ್ಕರೆ ತಾನಾಗಿ ಏರುತ್ತದೆ. ಅನೇಕ ಹುಡುಗಿಯರಲ್ಲಿ ಮುಟ್ಟಿಗೆ ಮುಂಚಿನ ಕೆಲವು ದಿನ ಕಾರಣವೇ ಇಲ್ಲದಂತೆ ಹೆಚ್ಚಾಗುತ್ತದೆ. ಅದೇ ಡೋಸು, ಅದೇ ಎರಡು ರೊಟ್ಟಿ, ಆದರೂ ಮೀಟರಿನಲ್ಲಿ 260 ಕಂಡಾಗ "ಏನೋ ಕದ್ದು ತಿಂದಿರಬೇಕು" ಎಂದು ನಿರ್ಣಯಿಸುವವರಿಗೆ ದೇಹದ ಈ ವ್ಯವಹಾರ ಗೊತ್ತಿರುವುದಿಲ್ಲ. ಇಲ್ಲಿ ಡೋಸು ಬದಲಾಗಬೇಕೇ ಹೊರತು ಮಗುವಿನ ಮೇಲೆ ವಿಚಾರಣೆ ನಡೆಯಬಾರದು.

ವಿಚಾರಣೆ ನಡೆಯುವ ಮನೆಗಳಲ್ಲಿ, ಸಕ್ಕರೆಯ ಅಂಕೆಗಳನ್ನು ಬರೆದಿಡುವ ವಹಿ ಏನಾಗುತ್ತದೆ ಎಂಬುದನ್ನು ಕ್ಲಿನಿಕ್ಕಿನ ಹೊರಗಿನ ಬೆಂಚಿನ ಮೇಲೆ ಕುಳಿತ ತಾಯಂದಿರ ಬಾಯಿಂದಲೇ ಕೇಳಿದ್ದೇನೆ. 110, 125, 130 ಎಂದು ಒಂದೇ ಪೆನ್ನಿನಲ್ಲಿ, ಕುಳಿತಲ್ಲೇ ತುಂಬಿಸಿದ ಪುಟಗಳು. ಆಮೇಲೆ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 10 ಬರುತ್ತದೆ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ 240ರ ಆಸುಪಾಸು. ಹುಡುಗರು ಸುಳ್ಳುಗಾರರೆಂದು ಇದಕ್ಕೆ ಅರ್ಥವಲ್ಲ. 220 ಎಂದು ನಿಜ ಹೇಳಿದ ದಿನ ಬೈಗುಳವೂ 120 ಎಂದು ಸುಳ್ಳು ಬರೆದ ದಿನ ಹೊಗಳಿಕೆಯೂ ಸಿಗುವ ಮನೆಯಲ್ಲಿ ಜಾಣ ಮಗು ಯಾವುದನ್ನು ಆರಿಸಿಕೊಳ್ಳುತ್ತದೆ? ಎಲ್ಲಿಯವರೆಗೆ ನಾವು ವಹಿಯನ್ನು ಅಂಕಪಟ್ಟಿಯಂತೆ ಓದುತ್ತೇವೋ ಅಲ್ಲಿಯವರೆಗೆ ಮಕ್ಕಳು ಅದರಲ್ಲಿ ಪಾಸಾಗುವ ದಾರಿಯನ್ನೇ ಹುಡುಕುತ್ತಾರೆ.

ಆದ್ದರಿಂದ ನಮ್ಮ ಮನೆಯಲ್ಲಿ ವಹಿ ಅವಳದು. ನಾನು ಬಾಗಿಲಲ್ಲಿ ನಿಂತು "ಎಷ್ಟೈತಿ?" ಎಂದು ಕೇಳುವುದಿಲ್ಲ. ರವಿವಾರ ಸಂಜೆ ಇಬ್ಬರೂ ಕೂಡಿ ಕುಳಿತು ನೋಡುತ್ತೇವೆ, ಅದನ್ನೂ ದಿನದ ಪ್ರಕಾರ ನೋಡದೆ ಹೊತ್ತಿನ ಪ್ರಕಾರ ನೋಡುತ್ತೇವೆ: ವಾರದ ಎಲ್ಲ ಬೆಳಗಿನ ಅಂಕೆಗಳು ಒಂದು ಸಾಲಿನಲ್ಲಿ, ಮಧ್ಯಾಹ್ನದವು ಇನ್ನೊಂದರಲ್ಲಿ, ಮಲಗುವ ಮುಂಚಿನವು ಮತ್ತೊಂದರಲ್ಲಿ. ಒಂದೇ ಒಂದು 280 ಇದ್ದರೆ ಅದನ್ನು ಬಿಟ್ಟುಬಿಡುತ್ತೇವೆ. ಬೆಳಗಿನ ಸಾಲಿನಲ್ಲಿ ಮೇಲಿಂದ ಮೇಲೆ ಹೆಚ್ಚಿದ್ದರೆ ರಾತ್ರಿಯ ದೀರ್ಘಾವಧಿ ಇನ್ಸುಲಿನ್ ಬಗ್ಗೆ ಡಾಕ್ಟರನ್ನು ಕೇಳಬೇಕೆಂದು ಅವಳೇ ಬರೆದುಕೊಳ್ಳುತ್ತಾಳೆ. ಪ್ರತಿ ಅಂಕೆಯ ಪಕ್ಕದಲ್ಲಿ ಒಂದೆರಡು ಪದಗಳ ಕಾರಣವಿರುತ್ತದೆ: "ಗಿರ್ಮಿಟ್", "ಬಸ್ ತಪ್ಪಿತು, ಓಡಿದೆ", "ಮರೆತೆ". ಈ ಕೊನೆಯ ಪದವನ್ನು ಹೆದರದೆ ಬರೆಯುವಂತಾದದ್ದೇ ದೊಡ್ಡ ಗಳಿಕೆ, ಏಕೆಂದರೆ ಈ ವಯಸ್ಸಿನವರಲ್ಲಿ ಸಕ್ಕರೆ ಏರಲು ಊಟದ ಇನ್ಸುಲಿನ್ ತಪ್ಪುವುದು ಬಹು ಸಾಮಾನ್ಯ ಕಾರಣ. ಸರಾಸರಿ ಒಂದನ್ನೇ ನಂಬಬಾರದೆಂಬುದೂ ಅವಳಿಗೆ ವಹಿಯಿಂದಲೇ ತಿಳಿಯಿತು: 60 ಮತ್ತು 300ರ ಸರಾಸರಿಯೂ 180, ದಿನವಿಡೀ 180ರಲ್ಲಿದ್ದವರ ಸರಾಸರಿಯೂ 180.

ತೋಳಿಗೆ ಅಂಟಿಸಿಕೊಂಡು ಸುಮಾರು ಎರಡು ವಾರ ಬಳಸುವ, ಸಕ್ಕರೆ ಅಳೆಯುವ ಸೆನ್ಸರ್ ಈಗ ನಮ್ಮ ಊರುಗಳಲ್ಲೂ ಸಿಗುತ್ತದೆ. ವೆಚ್ಚ ಹೆಚ್ಚಾದ್ದರಿಂದ ನಾವು ಪರೀಕ್ಷೆಯ ದಿನಗಳಲ್ಲಿ ಮಾತ್ರ ಬಳಸುತ್ತೇವೆ. ಅದರ ಅಂಕೆ ನನ್ನ ಫೋನಿಗೂ ಬರುತ್ತದೆ, ಮತ್ತು ಇದೇ ಅದರ ಅಪಾಯ. ಕಚೇರಿಯಲ್ಲಿ ಕುಳಿತು ಐದು ನಿಮಿಷಕ್ಕೊಮ್ಮೆ ಮಗಳ ಸಕ್ಕರೆ ನೋಡುವ ತಾಯಿ ಅವಳಿಗೂ ಕೆಲಸ ಮಾಡಲು ಬಿಡುವುದಿಲ್ಲ, ತಾನೂ ಮಾಡುವುದಿಲ್ಲ. 70ಕ್ಕಿಂತ ಕೆಳಗಿಳಿದು ಕಾಲು ತಾಸಿನೊಳಗೆ ಏರದಿದ್ದರೆ ಮಾತ್ರ ಫೋನು ಮಾಡುವುದೆಂದು ನಮ್ಮಿಬ್ಬರಲ್ಲಿ ಕರಾರಾಗಿದೆ.

ಯಾವ ಕೆಲಸ ಮೊದಲು ಅವಳದಾಗಬೇಕು? ಚುಚ್ಚಿಕೊಳ್ಳುವುದಕ್ಕಿಂತಲೂ ಮೊದಲು, "ಲೋ" ಆದಾಗ, ಅಂದರೆ ಸಕ್ಕರೆ ತೀರ ಇಳಿದಾಗ, ತನ್ನನ್ನು ತಾನು ಉಳಿಸಿಕೊಳ್ಳುವುದು. ಬೆವರು, ನಡುಕ, ಸಿಡುಕು, ಕಣ್ಣು ಮಂಜಾಗುವುದು ಕಂಡರೆ ಪರೀಕ್ಷಿಸಿ, 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ಇಲ್ಲವೇ ಮೂರು ಚಹಾ ಚಮಚದಷ್ಟು ಸಕ್ಕರೆ, 15 ನಿಮಿಷದ ನಂತರ ಮತ್ತೆ ಪರೀಕ್ಷೆ. ಪೇಡೆ ಆಗ ಉಪಯೋಗಕ್ಕೆ ಬಾರದು. ಅದರಲ್ಲಿರುವ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಈ ಪಾಠವನ್ನು ಇಬ್ಬರು ಗೆಳತಿಯರಿಗೂ ಕಲಿಸಿದ್ದೇವೆ: ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. "ನಾಳೆ ಲಗ್ನದ ಹೊತ್ತಿಗೆ ತೊಂದರಿ ಆಗತೈತಿ, ಯಾರಿಗೂ ಹೇಳಬ್ಯಾಡವಾ" ಎಂದು ಹತ್ತಿರದವರೇ ಬುದ್ಧಿ ಹೇಳುತ್ತಾರೆ. ಬರಲಿರುವ ಲಗ್ನಕ್ಕಿಂತ ಇಂದು ಮಧ್ಯಾಹ್ನದ ಪ್ರಯೋಗಾಲಯದ ತಾಸು ನನಗೆ ಹೆಚ್ಚು ಮುಖ್ಯ. ಶಾಲೆ-ಕಾಲೇಜಿಗೂ ವೈದ್ಯರ ಪತ್ರದೊಂದಿಗೆ ಬರವಣಿಗೆಯಲ್ಲೇ ತಿಳಿಸಬೇಕು. ಬೋರ್ಡ್ ಪರೀಕ್ಷೆಯ ಕೊಠಡಿಗೆ ಇಂಥ ಮಕ್ಕಳು ತಿನಿಸು ಒಯ್ಯಲು ಸಿಬಿಎಸ್‌ಇ 2017ರಲ್ಲಿಯೇ ಅನುಮತಿ ಕೊಟ್ಟಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ತರಗತಿಯಲ್ಲಿ ಸಕ್ಕರೆ ಪರೀಕ್ಷೆ, ಇನ್ಸುಲಿನ್ ಮತ್ತು ತಿಂಡಿಗೆ ಅವಕಾಶವಿರಬೇಕೆಂದು ರಾಜ್ಯಗಳಿಗೆ ಬರೆಯಿತು. ಅರ್ಜಿಯ ಜೊತೆ ಇದನ್ನು ಉಲ್ಲೇಖಿಸಿದರೆ ಮಾತು ಬೇಗ ಮುಗಿಯುತ್ತದೆ.

ಅನಂತರದ್ದು ಸಾಮಾನಿನ ಜವಾಬ್ದಾರಿ. ಡಬ್ಬಿ ತುಂಬಿಕೊಳ್ಳುವುದು, ಮೀಟರಿನ ಸ್ಟ್ರಿಪ್ ಮುಗಿಯುವ ಮುಂಚೆ ಹೇಳುವುದು, ಇನ್ಸುಲಿನ್ ತೆರೆದ ತಾರೀಖನ್ನು ಅದರ ಮೇಲೆಯೇ ಬರೆಯುವುದು. ತೆರೆದದ್ದು ಸಾಮಾನ್ಯವಾಗಿ 28 ದಿನ ಮಾತ್ರ ಬಳಕೆಗೆ ಯೋಗ್ಯ. ಒಂದೇ ಜಾಗದಲ್ಲಿ ಚುಚ್ಚಿಕೊಂಡರೆ ಗಂಟು ಕಟ್ಟಿ ಅಲ್ಲಿಂದ ಇನ್ಸುಲಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲವಾದ್ದರಿಂದ ಜಾಗ ಬದಲಿಸುವ ಲೆಕ್ಕವೂ ಅವಳದೇ. ಔಷಧಿ ಅಂಗಡಿಗೆ ತಾವೇ ಹೋಗುವ ಮಕ್ಕಳಿಗೆ ಒಂದು ಮಾತನ್ನು ಮರೆಯದೆ ಹೇಳಿಕೊಡಬೇಕು. ನಮ್ಮಲ್ಲಿ ಇನ್ಸುಲಿನ್ ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ಬರುತ್ತದೆ. ಕೆಂಪು ಮುಚ್ಚಳದ ಸಿರಿಂಜು 40ರದು, ಕಿತ್ತಳೆ ಮುಚ್ಚಳದ್ದು 100ರದು. ಕೆಂಪು ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ ಗೆರೆಯಲ್ಲಿ ಕಂಡದ್ದರ ಎರಡೂವರೆ ಪಟ್ಟು ಮೈಗೆ ಹೋಗುತ್ತದೆ. ಇನ್ಸುಲಿನ್ ಪೆನ್ ಬಳಸುವವರಿಗೆ ಈ ಭಯವಿಲ್ಲ, ಆದರೆ ಪೆನ್ ಕೆಟ್ಟ ದಿನ ಸಿರಿಂಜೇ ಗತಿ.

ಊಟದ ಲೆಕ್ಕ ನಿಧಾನವಾಗಿ ಬಂತು. ನಮ್ಮ ಸೀಮೆಯ ಊಟಕ್ಕೆ ಪುಸ್ತಕದ ಪಟ್ಟಿಗಳು ಹೊಂದುವುದು ಕಡಿಮೆ, ಆದ್ದರಿಂದ ಅಡುಗೆಮನೆಯ ತಕ್ಕಡಿಯೇ ಗುರು. ಜೋಳದ ಹಿಟ್ಟಿನ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕಾರ್ಬೋಹೈಡ್ರೇಟ್. 45 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ 30 ಗ್ರಾಂ, ಎರಡಕ್ಕೆ 60. ಹತ್ತು ಗ್ರಾಮಿಗೆ ಒಂದು ಯೂನಿಟ್ ಎಂದು ಡಾಕ್ಟರು ಹೇಳಿದ್ದರೆ ಆರು ಯೂನಿಟ್. ಈ ಅನುಪಾತ ಒಬ್ಬೊಬ್ಬರಿಗೆ ಒಂದೊಂದು ಇರುತ್ತದೆ, ಒಬ್ಬರಿಗೇ ಬೆಳಿಗ್ಗೆ ಒಂದು ರಾತ್ರಿ ಒಂದು ಇರಬಹುದು. ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿಯ ಲೆಕ್ಕ ಚಿಕ್ಕದು. ಅವಳನ್ನು ಕಾಡಿದ್ದು ಗಿರ್ಮಿಟ್ಟು ಮತ್ತು ಮಿರ್ಚಿ. ಗಿರ್ಮಿಟ್ಟಿನಲ್ಲಿರುವ, ಕೈಗೆ ಹಗುರವಾದ ಚುರುಮುರಿಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಕಾರ್ಬೋಹೈಡ್ರೇಟ್ ಇರುವುದರಿಂದ ಸಕ್ಕರೆ ಸರ್ರನೆ ಏರುತ್ತದೆ, ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿಯದು ತಡವಾಗಿ ತಲೆ ಎತ್ತುತ್ತದೆ. ಗೆಳತಿಯರ ಜೊತೆ ತಿನ್ನಬೇಡವೆಂದು ನಾನು ಹೇಳಲಿಲ್ಲ. ಹೇಳಿದ್ದರೆ ಅವಳು ತಿನ್ನುವುದನ್ನು ಬಿಡುತ್ತಿರಲಿಲ್ಲ, ಬರೆಯುವುದನ್ನು ಬಿಡುತ್ತಿದ್ದಳು. ತಿಂದು, ಎರಡು ತಾಸಿಗೆ ಮತ್ತು ನಾಲ್ಕು ತಾಸಿಗೆ ಪರೀಕ್ಷಿಸಿ, ತನ್ನ ಪ್ಲೇಟಿನ ಅಳತೆಯನ್ನು ತಾನೇ ಕಂಡುಕೊಂಡಳು. ಪಂಚಮಿಯ ಉಂಡಿಗೂ ಸಂಕ್ರಾಂತಿಯ ಕುಸುರೆಳ್ಳಿಗೂ ಈಗ ಅವಳದೇ ಕೋಷ್ಟಕವಿದೆ.

ಜ್ವರ ಮತ್ತು ವಾಂತಿಯ ದಿನಗಳನ್ನು ಮಾತ್ರ ನಾನು ಇನ್ನೂ ಬಿಟ್ಟುಕೊಟ್ಟಿಲ್ಲ. ಊಟ ಸೇರದ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ದೇಹ ಕೊಬ್ಬನ್ನು ಕರಗಿಸುವಾಗ ಹುಟ್ಟುವ ಕೀಟೋನ್ ಏರಿ ರಕ್ತ ಆಮ್ಲೀಯವಾಗುತ್ತದೆ, ಹೊಟ್ಟೆನೋವು, ವಾಂತಿ, ಏದುಸಿರು ಬಂದರೆ ಅದು ಆಸ್ಪತ್ರೆಗೇ ಹೋಗಬೇಕಾದ ತುರ್ತು. ಆರೋಗ್ಯವಾಗಿರುವ ಹುಡುಗಿ ಸರಿಯಾಗಿ ಮಾಡುವ ಲೆಕ್ಕವನ್ನು ಜ್ವರದಲ್ಲಿ ಮಲಗಿದ ಹುಡುಗಿ ಮಾಡಲಾರಳು. ಇದೇ ರೀತಿ, ಕಷಾಯ ಕುಡಿದರೆ ಇನ್ಸುಲಿನ್ ಬಿಡಬಹುದೆಂದು ಹೇಳುವ ಬಂಧುಗಳಿಗೆ ಉತ್ತರ ಕೊಡುವ ಕೆಲಸವೂ ಬಹುಕಾಲ ನನ್ನದಾಗಿತ್ತು. ಈಗ ಅದನ್ನು ಅವಳೇ ಮಾಡುತ್ತಾಳೆ: 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಮೊದಲು ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಂಪ್ಸನ್ ಹದಿನಾಲ್ಕರ ಹುಡುಗ, ಅವನಿಗಿಂತ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ, ಕಷಾಯಗಳು ಆಗಲೂ ಇದ್ದವು ಎಂದು. ಅವಳ ಸೋದರಮಾವ ಅಂದಿನಿಂದ ಆ ಮಾತು ತೆಗೆದಿಲ್ಲ.

ಕೊಟ್ಟದ್ದನ್ನು ಕೆಲಕಾಲ ಹಿಂದಕ್ಕೆ ಪಡೆಯುವುದೂ ಈ ವ್ಯವಹಾರದ ಒಂದು ಭಾಗ. ರಜೆಯೇ ಇಲ್ಲದ ಈ ಲೆಕ್ಕಾಚಾರದಿಂದ ದೊಡ್ಡವರೂ ಬೇಸರಗೊಳ್ಳುತ್ತಾರೆ. "ಅವ್ವಾ, ಈ ವಾರ ನೀನ ನೋಡ, ನನಗ ಸಾಕಾಗೇತಿ" ಎಂದಾಗ ನಾನು ವಹಿ ತೆಗೆದುಕೊಳ್ಳುತ್ತೇನೆ; ಡೋಸು ನಾನು ಹೇಳುತ್ತೇನೆ, ಅವಳು ಚುಚ್ಚಿಕೊಳ್ಳುತ್ತಾಳೆ. ವಾರ ಕಳೆದ ಮೇಲೆ ತಾನಾಗಿಯೇ ಮರಳಿ ಕೇಳುತ್ತಾಳೆ. ಹೀಗೆ ಕೇಳುವ ದಾರಿಯಿಲ್ಲದ ಮಕ್ಕಳು ಮೌನವಾಗಿ ಡೋಸು ಬಿಡುತ್ತಾರೆ, ಮತ್ತು ಅದು ತಿಳಿಯುವುದು ಆಸ್ಪತ್ರೆಯಲ್ಲಿ.

ಡಾಕ್ಟರ ಕೋಣೆಗೆ ಈಗ ಮೊದಲು ಅವಳೊಬ್ಬಳೇ ಹೋಗುತ್ತಾಳೆ, ಕೊನೆಯ ಐದು ನಿಮಿಷಕ್ಕೆ ನನ್ನನ್ನು ಕರೆಯುತ್ತಾರೆ. ಎರಡನೆಯ ವರ್ಷ ಧಾರವಾಡದಲ್ಲಿಯೇ ಗೆಳತಿಯರೊಂದಿಗೆ ರೂಮು ಮಾಡಿಕೊಂಡು ಇರುವೆನೆಂದು ಕೇಳುತ್ತಿದ್ದಾಳೆ. ರೂಮಿನಲ್ಲಿ ಫ್ರಿಜ್ ಇಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕಾದ್ದರಿಂದ ಅದು ನಮ್ಮ ಮನೆಯಲ್ಲೇ ಇರಲಿ, ಬಳಕೆಯಲ್ಲಿರುವುದನ್ನು ಮಾತ್ರ ಒದ್ದೆ ಮರಳು ತುಂಬಿದ ದೊಡ್ಡ ಗಡಿಗೆಯೊಳಗಿನ ಸಣ್ಣ ಗಡಿಗೆಯಲ್ಲಿ ಇಡುವೆನೆಂಬುದು ಅವಳ ಯೋಜನೆ. ಏಪ್ರಿಲ್ ಬಿಸಿಲಿನಲ್ಲಿ ಆ ಗಡಿಗೆಯೊಳಗೆ ಥರ್ಮಾಮೀಟರ್ ಇಟ್ಟು, ಹೊತ್ತು ಹೊತ್ತಿಗೆ ಬರೆದು ತೋರಿಸು, 30 ಡಿಗ್ರಿ ದಾಟದಿದ್ದರೆ ಮಾತಾಡೋಣ ಎಂದಿದ್ದೇನೆ.